ಕಿರೀಟ, ಕಾಯಿಲೆ ಮತ್ತು ‘ಆದರೂ’ ಎಂಬ ಒಂದು ಪದ

(ದೀರ್ಘಕಾಲದ ಕಾಯಿಲೆಯವರ ನೆರವಿಗೆ ದುಡಿಯುವ ಸ್ವಯಂಸೇವಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಸ್ನೇಹಿತರೇ,

ಮಿಸ್ ಅಮೆರಿಕ ಸ್ಪರ್ಧೆಯ ಹಳೆಯ ನಿಯಮಾವಳಿಯಲ್ಲಿ ಏಳನೆಯದೊಂದು ನಿಯಮವಿತ್ತು. 1930ರ ದಶಕದಲ್ಲಿ ಸೇರಿಕೊಂಡ ಆ ನಿಯಮದ ಪ್ರಕಾರ ಸ್ಪರ್ಧಿ ಒಳ್ಳೆಯ ಆರೋಗ್ಯ ಉಳ್ಳವಳಾಗಿರಬೇಕು ಮತ್ತು ಬಿಳಿಯ ಜನಾಂಗದವಳಾಗಿರಬೇಕು. ಎರಡು ಷರತ್ತುಗಳೂ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಕುಳಿತಿದ್ದವು. 1950ರಲ್ಲಿ ಆ ನಿಯಮವನ್ನು ಕೈಬಿಡಲಾಯಿತು. ಜನಾಂಗದ ಷರತ್ತಿನ ಬಗ್ಗೆ ಆಮೇಲೆ ಸಾಕಷ್ಟು ಬರೆದಿದ್ದಾರೆ, ಬರೆಯಲೇಬೇಕಿತ್ತು. ನಿಯಮ ಹೋದ ಮೇಲೂ ಕಪ್ಪು ವರ್ಣದ ಯುವತಿಯೊಬ್ಬಳು ಆ ಕಿರೀಟ ತೊಡುವುದಕ್ಕೆ 1983ರವರೆಗೆ ಕಾಯಬೇಕಾಯಿತು. ಆರೋಗ್ಯದ ಷರತ್ತು ಮಾತ್ರ ಚರ್ಚೆಗೆ ಬರುವುದು ಅಪರೂಪ. ಸುಂದರಿ ಎಂದರೆ ಆರೋಗ್ಯವಂತೆ ಎಂಬುದನ್ನು ನಾವೆಲ್ಲ ಮನಸ್ಸಿನಲ್ಲೇ ಒಪ್ಪಿಕೊಂಡಿರುವುದರಿಂದ, ಅದು ಒಂದು ಷರತ್ತು ಎಂದೇ ನಮಗೆ ಕಾಣುವುದಿಲ್ಲವೇನೋ.

1998ರ ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ವರ್ಜೀನಿಯಾ ರಾಜ್ಯದ ಪ್ರತಿನಿಧಿಯಾಗಿ ನಿಂತಿದ್ದ ನಿಕೋಲ್ ಜಾನ್ಸನ್ ಎಂಬ 24 ವರ್ಷದ ಯುವತಿ 1999ರ ಮಿಸ್ ಅಮೆರಿಕ ಆಗಿ ಆಯ್ಕೆಯಾದರು. ಅವರಿಗೆ 1993ರಲ್ಲಿ, ಕಾಲೇಜು ಓದುತ್ತಿದ್ದ 19ನೆಯ ವಯಸ್ಸಿನಲ್ಲಿ, ಟೈಪ್ 1 ಮಧುಮೇಹ ಪತ್ತೆಯಾಗಿತ್ತು. ಮೈಗೆ ಇನ್ಸುಲಿನ್ ಹರಿಸುವ ‘ಇನ್ಸುಲಿನ್ ಪಂಪ್’ ಎಂಬ ಸಣ್ಣ ಯಂತ್ರವನ್ನು ಬಳಸುತ್ತಿದ್ದರು. ಮಧುಮೇಹವಿರುವ ಮೊದಲ ಮಿಸ್ ಅಮೆರಿಕ ಎಂದು ಅವರನ್ನು ದಾಖಲಿಸಲಾಗಿದೆ. ಇಂದು ನಾನು ಮುಖ್ಯವಾಗಿ ಅವರ ಆ ಒಂದು ವರ್ಷದ ಕೆಲಸವನ್ನು ಮುಂದಿಟ್ಟುಕೊಂಡು, ಕಿರೀಟ ತೊಟ್ಟವರು ತಮ್ಮ ಕಾಯಿಲೆಯನ್ನು ಜೊತೆಗಿಟ್ಟುಕೊಂಡೇ ಮಾಡುವ ಸಮಾಜಸೇವೆಯನ್ನು ಕುರಿತು ಮಾತನಾಡುತ್ತೇನೆ.

ಒಂದು ಕಾಕತಾಳೀಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೇಸಿಗೆ ಮುಗಿದ ಮೇಲೂ ಪ್ರವಾಸಿಗರು ಕಡಲತೀರದಲ್ಲೇ ಉಳಿಯಲಿ ಎಂಬ ವ್ಯಾಪಾರದ ಲೆಕ್ಕಾಚಾರದಿಂದ ಅಟ್ಲಾಂಟಿಕ್ ಸಿಟಿಯವರು ಈ ಸ್ಪರ್ಧೆಯನ್ನು ಶುರುಮಾಡಿದ್ದು 1921ರಲ್ಲಿ; ಮೊದಲು ಗೆದ್ದ ಹುಡುಗಿಗೆ ಆಗ 16 ವರ್ಷ. ಅದೇ 1921ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆಯುವ ಪ್ರಯೋಗ ನಡೆಸುತ್ತಿದ್ದರು. 1922ರ ಜನವರಿಯಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ ಮಧುಮೇಹವಿದ್ದ ಹುಡುಗನಿಗೆ ಅದನ್ನು ಮೊದಲ ಬಾರಿಗೆ ಕೊಟ್ಟರು. ಮೊದಲ ಚುಚ್ಚುಮದ್ದು ಸಾಕಷ್ಟು ಶುದ್ಧವಾಗಿರಲಿಲ್ಲ, ಅದರಿಂದ ಪ್ರಯೋಜನವಾಗಲಿಲ್ಲ. ಶುದ್ಧಗೊಳಿಸಿದ ದ್ರಾವಣವನ್ನು ಸುಮಾರು ಎರಡು ವಾರಗಳ ನಂತರ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಅದಕ್ಕೂ ಮುನ್ನ ಈ ಕಾಯಿಲೆಯ ಮಕ್ಕಳನ್ನು ಬಹುಮಟ್ಟಿಗೆ ಉಪವಾಸದಲ್ಲಿಟ್ಟು ಇನ್ನು ಕೆಲವು ದಿನ, ಕೆಲವು ತಿಂಗಳು ಉಳಿಸಿಕೊಳ್ಳುವುದಷ್ಟೇ ವೈದ್ಯರ ಕೈಲಿದ್ದದ್ದು. ಆ ಮೊದಲ ಸ್ಪರ್ಧೆಯ ದಿನ ನಿಕೋಲ್ ಅವರಂಥ ಹುಡುಗಿಯೊಬ್ಬಳಿದ್ದಿದ್ದರೆ ಅವಳು ವೇದಿಕೆಯ ಹತ್ತಿರಕ್ಕೂ ಬರುವ ಸ್ಥಿತಿಯಲ್ಲಿರುತ್ತಿರಲಿಲ್ಲ.

ಇಂಥವರನ್ನು ಸಭೆಗೆ ಪರಿಚಯಿಸುವಾಗ ನಾವು ಸಾಮಾನ್ಯವಾಗಿ ಬಳಸುವ ವಾಕ್ಯವೊಂದಿದೆ. “ಇವರಿಗೆ ಇಂಥ ಕಾಯಿಲೆಯಿದೆ, ಆದರೂ ಇಷ್ಟೆಲ್ಲ ಸಾಧಿಸಿದ್ದಾರೆ.” ಚಪ್ಪಾಳೆ ಬೀಳುವುದು ಸರಿಯಾಗಿ ‘ಆದರೂ’ ಎಂಬ ಪದ ದಾಟಿದ ಮೇಲೆ. ನಾನೂ ವರ್ಷಗಟ್ಟಲೆ ಹೀಗೆಯೇ ಪರಿಚಯ ಮಾಡಿಸಿದ್ದೇನೆ. ಆ ಪದದಲ್ಲಿ ಏನಿದೆ ಎಂದು ಕೇಳಿಕೊಂಡದ್ದು ತೀರ ಇತ್ತೀಚೆಗೆ. ಅದು ಕಾಯಿಲೆಯನ್ನು ಒಂದು ದಡದಲ್ಲೂ ಸೇವೆಯನ್ನು ಇನ್ನೊಂದು ದಡದಲ್ಲೂ ನಿಲ್ಲಿಸಿ, ಈ ವ್ಯಕ್ತಿ ಹೊಳೆ ದಾಟಿ ಬಂದಿದ್ದಾರೆ ಎಂದು ಹೇಳುತ್ತದೆ. ದೀರ್ಘಕಾಲದ ಕಾಯಿಲೆಯಲ್ಲಿ ದಾಟುವ ದಡ ಎಂಬುದಿಲ್ಲ. ಬೆಳಿಗ್ಗೆ ಎದ್ದಾಗ ಅದೇ ಹೊಳೆ, ರಾತ್ರಿ ಮಲಗುವಾಗಲೂ ಅದೇ ಹೊಳೆ.

ಕಿರೀಟಕ್ಕೂ ಸಮಾಜಸೇವೆಗೂ ನಂಟು ಬೆಳೆದದ್ದು ಹೇಗೆ ಎಂಬುದನ್ನು ಚುಟುಕಾಗಿ ಹೇಳುತ್ತೇನೆ. 1945ರಲ್ಲಿ ಗೆದ್ದ ಬೆಸ್ ಮೈಯರ್‌ಸನ್ ಆ ಕಿರೀಟ ತೊಟ್ಟ ಮೊದಲ ಯಹೂದಿ ಮಹಿಳೆ. ಮಹಾಯುದ್ಧ ಆಗಷ್ಟೇ ಮುಗಿದಿತ್ತು. ತನಗೆ ಎದುರಾದ ತಿರಸ್ಕಾರವನ್ನು ಕಂಡ ಆಕೆ ಜನಾಂಗದ್ವೇಷದ ವಿರುದ್ಧ ಶಾಲೆಗಳಲ್ಲಿ, ಸಭೆಗಳಲ್ಲಿ ಮಾತನಾಡತೊಡಗಿದರು. ಅದು ಅವರದೇ ಆಯ್ಕೆ, ಯಾರೂ ಹೇಳಿದ್ದಲ್ಲ. 1989ರಲ್ಲಿ ಸಂಸ್ಥೆ ಇದನ್ನೇ ಕಡ್ಡಾಯ ಮಾಡಿ, ಪ್ರತಿ ಸ್ಪರ್ಧಿಯೂ ಒಂದು ಸಾಮಾಜಿಕ ವಿಷಯವನ್ನು ಆರಿಸಿಕೊಂಡು ಗೆದ್ದ ವರ್ಷವಿಡೀ ಅದಕ್ಕಾಗಿ ದುಡಿಯಬೇಕು ಎಂದಿತು. ಇದಕ್ಕೆ ಅವರು ಇಟ್ಟ ಹೆಸರು ‘ಪ್ಲಾಟ್‌ಫಾರ್ಮ್’. ಕಡ್ಡಾಯದ ಸೇವೆ ಸೇವೆಯೇ ಅಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಒಂದು ವರ್ಷ, ಒಂದು ವಿಷಯ, ಊರಿಂದೂರಿಗೆ ಪ್ರಯಾಣ, ಹೋದಲ್ಲೆಲ್ಲ ಮೈಕು: ಇಷ್ಟು ಯಾವ ರೋಗಿಗಳ ಸಂಘಕ್ಕೂ ಸುಲಭವಾಗಿ ದಕ್ಕುವುದಿಲ್ಲ ಎಂಬುದು ಇಲ್ಲಿ ಕುಳಿತಿರುವ ನಿಮಗೆಲ್ಲ ಗೊತ್ತು.

ನಿಕೋಲ್ ಅವರಿಗೆ ಕಿರೀಟ ಒಪ್ಪಿಸಿದ ಹಿಂದಿನ ವರ್ಷದ ವಿಜೇತೆ ಕೇಟ್ ಶಿಂಡಲ್ ಏಡ್ಸ್ ತಡೆಯನ್ನು ತಮ್ಮ ವಿಷಯವಾಗಿ ಆರಿಸಿಕೊಂಡಿದ್ದರು. 1993ರ ಮಿಸ್ ಅಮೆರಿಕ ಲಿಯಾಂಜಾ ಕಾರ್ನೆಟ್ ಅವರದೂ ಅದೇ ವಿಷಯ. ಏಡ್ಸ್ ಎಂದರೆ ಜನ ಕುರ್ಚಿ ಸರಿಸಿಕೊಂಡು ಕೂರುತ್ತಿದ್ದ ಕಾಲದಲ್ಲಿ ಅದಕ್ಕೆ ಧೈರ್ಯ ಬೇಕಿತ್ತು. ಅವರಿಬ್ಬರೂ ಮಾತನಾಡಿದ್ದು ಬೇರೆಯವರ ಕಾಯಿಲೆಯ ಪರವಾಗಿ. ನಿಕೋಲ್ ಆರಿಸಿಕೊಂಡದ್ದು ತಮ್ಮ ಮೈಯಲ್ಲೇ ಇದ್ದ ಕಾಯಿಲೆಯನ್ನು. ಬೇರೆಯವರ ಪರವಾಗಿ ಮಾತನಾಡುವವರು ಸಭೆ ಮುಗಿದ ಮೇಲೆ ವಿಷಯವನ್ನು ವೇದಿಕೆಯ ಮೇಲೆ ಬಿಟ್ಟು ಊಟಕ್ಕೆ ಹೋಗಬಹುದು. ನಿಕೋಲ್ ಅವರಿಗೆ ಊಟವೇ ವಿಷಯ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಟೈಪ್ 1 ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ತಪ್ಪಾಗಿ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಸಿಹಿ ಜಾಸ್ತಿ ತಿಂದದ್ದಕ್ಕೆ ಬಂದದ್ದಲ್ಲ, ಸೋಮಾರಿತನದಿಂದ ಬಂದದ್ದೂ ಅಲ್ಲ. ಇನ್ಸುಲಿನ್ ಹೊರಗಿನಿಂದಲೇ ಬರಬೇಕು, ಜೀವನಪೂರ್ತಿ ಬರಬೇಕು. 1990ರ ದಶಕದ ಪಂಪ್ ಒಂದು ಪೇಜರ್‌ನಷ್ಟು ದೊಡ್ಡದು. ಅದರಿಂದ ಹೊರಟ ಸಣ್ಣ ಕೊಳವೆಯ ತುದಿ ಚರ್ಮದ ಕೆಳಗೆ ಸೇರಿರುತ್ತದೆ, ಅದನ್ನು ಎರಡು ಮೂರು ದಿನಕ್ಕೊಮ್ಮೆ ಬೇರೆ ಜಾಗಕ್ಕೆ ಬದಲಿಸಬೇಕು. ದಿನವಿಡೀ ಹನಿಹನಿಯಾಗಿ ಹೋಗುವ ಪ್ರಮಾಣ ಒಂದು, ಊಟದ ಹೊತ್ತಿಗೆ ಲೆಕ್ಕ ಹಾಕಿ ಕೊಡುವ ಪ್ರಮಾಣ ಇನ್ನೊಂದು. ತಟ್ಟೆಯಲ್ಲಿರುವ ಆಹಾರದಲ್ಲಿ ಪಿಷ್ಟ ಎಷ್ಟಿದೆ ಎಂಬ ಅಂದಾಜು ತಪ್ಪಿದರೆ ಒಂದೆರಡು ಗಂಟೆಗಳಲ್ಲಿ ಮೈಯೇ ತಿಳಿಸುತ್ತದೆ.

ಈ ಲೆಕ್ಕವನ್ನು ಮಿಸ್ ಅಮೆರಿಕಳ ದಿನಚರಿಗೆ ಹೊಂದಿಸಿ ನೋಡಿ. ಒಂದೆರಡು ದಿನಕ್ಕೊಂದು ಊರು. ಅಟ್ಲಾಂಟಿಕ್ ಕರಾವಳಿಗೂ ಪೆಸಿಫಿಕ್ ಕರಾವಳಿಗೂ ಗಡಿಯಾರದಲ್ಲಿ ಮೂರು ಗಂಟೆಗಳ ವ್ಯತ್ಯಾಸ; ವಿಮಾನ ಇಳಿದ ಮೇಲೆ ಕೈಗಡಿಯಾರದ ಜೊತೆಗೆ ಪಂಪಿನ ಗಡಿಯಾರವನ್ನೂ ತಿದ್ದಬೇಕು, ಇಲ್ಲದಿದ್ದರೆ ಬೆಳಗಿನ ಜಾವಕ್ಕೆಂದು ಹೊಂದಿಸಿಟ್ಟ ಪ್ರಮಾಣ ನಡುರಾತ್ರಿಯಲ್ಲಿ ಹೋಗುತ್ತದೆ. ವಿಮಾನದ ಸಾಮಾನು ಕೋಣೆಯಲ್ಲಿ ಹೆಪ್ಪುಗಟ್ಟಿದರೆ ಇನ್ಸುಲಿನ್ ಕೆಡುವುದರಿಂದ ಅದು ಕೈಚೀಲದಲ್ಲೇ ಇರಬೇಕು. ಪಂಪಿನ ಕೊಳವೆ ಮಡಿಸಿಕೊಂಡೋ ಕಳಚಿಕೊಂಡೋ ಇನ್ಸುಲಿನ್ ನಿಂತರೆ ಕೆಲವೇ ಗಂಟೆಗಳಲ್ಲಿ ರಕ್ತ ಆಮ್ಲೀಯವಾಗಿ ಆಸ್ಪತ್ರೆಗೆ ಸೇರಬೇಕಾದ ಪರಿಸ್ಥಿತಿ ಬರಬಹುದು. ಅತಿಥಿಗೆ ಮಧ್ಯಾಹ್ನ 1 ಗಂಟೆಗೆ ಊಟ ಎಂದು ಆಹ್ವಾನಪತ್ರಿಕೆಯಲ್ಲಿರುತ್ತದೆ. ಸ್ವಾಗತ, ಪ್ರಾಸ್ತಾವಿಕ, ಗಣ್ಯರ ನಾಲ್ಕು ಮಾತು ಎಲ್ಲ ಮುಗಿಯುವ ಹೊತ್ತಿಗೆ 2.30. ಈ ಒಂದೂವರೆ ಗಂಟೆ ನಮಗೆ ಬರೀ ಹಸಿವು. ಊಟವಾಗುತ್ತದೆಂದು ನಂಬಿ ಇನ್ಸುಲಿನ್ ತೆಗೆದುಕೊಂಡವರಿಗೆ ಸಕ್ಕರೆ ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದು, ಬೆವರು, ಕೈನಡುಕ, ನಾಲಿಗೆ ತಡವರಿಸುವ ಮಾತು. ಆಗ ತಕ್ಷಣ ಸುಮಾರು 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು 15 ನಿಮಿಷ ಕಾದು ಮತ್ತೆ ಪರೀಕ್ಷಿಸಿಕೊಳ್ಳಬೇಕು. ಸಭೆಯ ಎದುರು ಮುಗುಳ್ನಗುತ್ತ ಕುಳಿತ ಅತಿಥಿ ಒಳಗೆ ಈ ಲೆಕ್ಕದಲ್ಲಿ ಮುಳುಗಿರುತ್ತಾಳೆ ಎಂಬುದು ಎದುರಿಗಿದ್ದವರಿಗೆ ಗೊತ್ತಾಗುವುದಿಲ್ಲ.

ಹಾಗಾಗಿಯೇ ಅವಳ ಬಾಯಿಂದ ಬರುವ ಮಾತಿಗೆ ಬೇರೆಯ ತೂಕವಿದೆ. ಕಾಯಿಲೆಯ ನಡುವೆ ದಿನ ಕಳೆಯುವ ಕುಶಲತೆಯನ್ನು ಕಾಯಿಲೆಯಿಂದಲೇ ಕಲಿತವಳು ಅವಳು. ಪರಿಚಯದ ವಾಕ್ಯದಲ್ಲಿ ‘ಆದರೂ’ ತೆಗೆದು ‘ಆದ್ದರಿಂದ’ ಎಂದು ಹಾಕಿದರೆ ಹೇಗೆ ಎಂದು ನನಗನ್ನಿಸಿದ್ದು ಇಲ್ಲಿಯೇ. ಇವರಿಗೆ ಈ ಕಾಯಿಲೆಯಿದೆ, ಆದ್ದರಿಂದ ನಮಗೆ ಗೊತ್ತಿಲ್ಲದ ಕೆಲವು ಸಂಗತಿಗಳು ಇವರಿಗೆ ಗೊತ್ತು. ಚಪ್ಪಾಳೆ ಸ್ವಲ್ಪ ಕಡಿಮೆಯಾಗಬಹುದು, ಕೇಳುವ ಕಿವಿ ಜಾಸ್ತಿಯಾಗುತ್ತದೆ.

ನಿಕೋಲ್ ಅವರ ಕೆಲಸದ ಫಲ ಎಲ್ಲಿ ಕಾಣಿಸಿಕೊಂಡಿತು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಸುಮಾರು ಹದಿನಾರು ವರ್ಷಗಳ ನಂತರದ್ದು. ಐಡಹೋ ರಾಜ್ಯದ ಸಿಯೆರಾ ಸ್ಯಾಂಡಿಸನ್‌ಗೆ ಟೈಪ್ 1 ಪತ್ತೆಯಾದಾಗ ವಯಸ್ಸು 18. ಮೈಮೇಲೆ ಯಂತ್ರ ಸಿಕ್ಕಿಸಿಕೊಂಡು ವೇದಿಕೆಗೆ ಹೋಗುವುದು ಹೇಗೆ ಎಂದು ಅಳುಕುತ್ತಿದ್ದಾಗ, ಪಂಪ್ ಧರಿಸುತ್ತಿದ್ದ ಮಿಸ್ ಅಮೆರಿಕ ಒಬ್ಬರಿದ್ದರು ಎಂದು ತಿಳಿದದ್ದು ತನಗೆ ಬಲ ಕೊಟ್ಟಿತು ಎಂದು ಸಿಯೆರಾ ಹೇಳಿಕೊಂಡಿದ್ದಾರೆ. 2014ರ ಜುಲೈನಲ್ಲಿ ಮಿಸ್ ಐಡಹೋ ಸ್ಪರ್ಧೆಯ ಈಜುಡುಗೆಯ ಸುತ್ತಿಗೆ ಅವರು ಪಂಪನ್ನು ಮುಚ್ಚಿಡದೆ ಸೊಂಟದಲ್ಲೇ ಸಿಕ್ಕಿಸಿಕೊಂಡು ನಡೆದರು. ಅದಕ್ಕೂ ಮುನ್ನ ತೆರೆಯ ಹಿಂದೆ, ಕಿರಿಯರ ವಿಭಾಗದ ಹುಡುಗಿಯೊಬ್ಬಳು ಆ ಪಂಪನ್ನು ಗಮನಿಸಿದಳು. ಅವಳಿಗೂ ಅದೇ ಕಾಯಿಲೆ. ತನ್ನ ಹಿಂಜರಿಕೆ ಕರಗಿದ್ದು ಆ ಮಗುವನ್ನು ಕಂಡ ಮೇಲೆ ಎಂದು ಸಿಯೆರಾ ನೆನೆದಿದ್ದಾರೆ. ಕಿರೀಟ ಗೆದ್ದ ನಂತರ ಆ ಚಿತ್ರವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿ, ‘ನಿಮ್ಮ ಪಂಪ್ ತೋರಿಸಿ’ ಎಂಬ ಅರ್ಥದ ಹ್ಯಾಷ್‌ಟ್ಯಾಗಿನೊಂದಿಗೆ ಉಳಿದವರನ್ನೂ ಕರೆದರು. ಸಾವಿರಾರು ಜನ ಅಂಗಿ ಎತ್ತಿ, ತೋಳು ಚಾಚಿ ತಮ್ಮ ತಮ್ಮ ಯಂತ್ರಗಳ ಚಿತ್ರ ಹಾಕಿದರು.

ಇಲ್ಲೊಂದು ಮುಜುಗರದ ಮಾತನ್ನು ಹೇಳಲೇಬೇಕು. ಆ ಈಜುಡುಗೆಯ ಸುತ್ತನ್ನು ನಾನು ಸಮರ್ಥಿಸುವುದಿಲ್ಲ. 1968ರಲ್ಲಿಯೇ ಸ್ತ್ರೀವಾದಿಗಳು ಅಟ್ಲಾಂಟಿಕ್ ಸಿಟಿಗೆ ಹೋಗಿ ಇಡೀ ಸ್ಪರ್ಧೆಯನ್ನೇ ಪ್ರತಿಭಟಿಸಿದ್ದರು, ಅವರ ಬಹುಪಾಲು ಆಕ್ಷೇಪಗಳು ನನ್ನವೂ ಹೌದು. ಐವತ್ತು ವರ್ಷಗಳ ನಂತರ, 2018ರಲ್ಲಿ, ಸಂಸ್ಥೆಯೇ ಆ ಸುತ್ತನ್ನು ಕೈಬಿಟ್ಟಿತು. ಆದರೆ ಮೈಯನ್ನು ತೂಗಿ ನೋಡುವ ಆ ಸುತ್ತಿನಲ್ಲಿಯೇ, ಏಳನೆಯ ನಿಯಮ ಯಾವ ಮೈಯನ್ನು ಹೊರಗಿಡಲು ಬಯಸಿತ್ತೋ ಆ ಮೈ ತನ್ನ ಯಂತ್ರದ ಸಮೇತ ನಡೆದುಹೋಯಿತು. ಇದನ್ನು ಹೇಗೆ ಅರಗಿಸಿಕೊಳ್ಳಬೇಕೆಂದು ನನಗೆ ಈಗಲೂ ಪೂರ್ತಿ ಬಗೆಹರಿದಿಲ್ಲ.

ಸೇವೆಯ ವಿವರಕ್ಕೆ ಬರೋಣ. ಕಿರೀಟ ತೊಟ್ಟವರು ಹೆಚ್ಚಾಗಿ ಹೋಗುವುದು ಶಾಲೆಗಳಿಗೆ. ಅಲ್ಲಿ “ಧೈರ್ಯವಾಗಿರಿ, ಕನಸು ಕಾಣಿ” ಎಂದು ಹೇಳಿ ಬರುವುದು ಸುಲಭ. ಕಾಯಿಲೆಯ ಒಳಗಿನಿಂದ ಬಂದ ಸ್ವಯಂಸೇವಕಿ ಅಷ್ಟಕ್ಕೇ ನಿಲ್ಲಿಸಬೇಕಿಲ್ಲ. ಅಮೆರಿಕದಲ್ಲಿ 1973ರ ಪುನರ್ವಸತಿ ಕಾಯ್ದೆಯ 504ನೆಯ ವಿಧಿಯಡಿ, ಮಧುಮೇಹವಿರುವ ಮಗುವಿಗೆ ಶಾಲೆ ಲಿಖಿತ ಯೋಜನೆಯೊಂದನ್ನು ಮಾಡಿಕೊಡಬೇಕೆಂದು ತಂದೆತಾಯಿ ಕೇಳಬಹುದು. ತರಗತಿಯಲ್ಲೇ ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳುವುದು, ಪಾಠದ ನಡುವೆ ತಿನ್ನುವುದು, ಕೇಳಿದಾಗಲೆಲ್ಲ ಶೌಚಾಲಯಕ್ಕೆ ಹೋಗುವುದು, ಸಕ್ಕರೆ ಇಳಿದಿದ್ದ ಹೊತ್ತಿನಲ್ಲಿ ಬರೆದ ಪರೀಕ್ಷೆಯನ್ನು ಮತ್ತೆ ಬರೆಯುವುದು, ಇಂಥವನ್ನೆಲ್ಲ ಅದರಲ್ಲಿ ಬರೆಸಿಕೊಳ್ಳಬಹುದು. ಒಂಬತ್ತು ವರ್ಷದ ಮಗುವಿಗೆ ಧೈರ್ಯದ ಭಾಷಣಕ್ಕಿಂತ ಈ ಒಂದು ಹಾಳೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಕಿರೀಟವಿದ್ದರೆ ಮುಖ್ಯೋಪಾಧ್ಯಾಯರು ಬಾಗಿಲು ತೆರೆಯುತ್ತಾರೆ. ಬಾಗಿಲು ತೆರೆದ ಮೇಲೆ ಈ ಹಾಳೆಯ ವಿಷಯ ಎತ್ತುವುದು ಅದರ ಅಗತ್ಯವನ್ನು ತಾನೇ ಅನುಭವಿಸಿದವರಿಗೆ ತಾನಾಗಿ ಹೊಳೆಯುತ್ತದೆ. ತಿನ್ನುವುದಕ್ಕೆ ಸಂಬಂಧಿಸಿದ ಮನೋರೋಗದಿಂದ ಚೇತರಿಸಿಕೊಂಡ 2008ರ ಮಿಸ್ ಅಮೆರಿಕ ಕರ್ಸ್ಟನ್ ಹ್ಯಾಗ್ಲಂಡ್ ಕೂಡ, ಚಿಕಿತ್ಸೆಯ ಖರ್ಚು ಭರಿಸಲಾಗದವರಿಗೆ ನೆರವಾಗಲು ಪ್ರತಿಷ್ಠಾನವೊಂದನ್ನು ಕಟ್ಟಿದರು. ಖರ್ಚು ಎಲ್ಲಿ ಕಚ್ಚುತ್ತದೆಂದು ಗೊತ್ತಿದ್ದವರ ಕೆಲಸ ಅದು.

ಹೇಳಿಕೊಳ್ಳುವುದು ಅಷ್ಟು ಸುಲಭವಲ್ಲ ಎಂಬುದಕ್ಕೆ ನಮಗೆ ಹತ್ತಿರದ ಉದಾಹರಣೆಯೊಂದಿದೆ. 2021ರ ಡಿಸೆಂಬರ್‌ನಲ್ಲಿ ಇಸ್ರೇಲಿನ ಐಲಾತ್‌ನಲ್ಲಿ ಮಿಸ್ ಯೂನಿವರ್ಸ್ ಆದ ಭಾರತದ ಹರ್ನಾಜ್ ಸಂಧು ಮುಟ್ಟಿನ ಆರೋಗ್ಯದ ವಿಷಯವನ್ನು ಎತ್ತಿಕೊಂಡು ಕೆಲಸ ಮಾಡುತ್ತಿದ್ದರು. ಮುಂದಿನ ವರ್ಷ ಅವರ ಮೈತೂಕ ಹೆಚ್ಚಿದ್ದನ್ನು ಕಂಡು ಜನ ಆಡಿಕೊಂಡರು. ಆಗ ಅವರು ತಮಗೆ ಸೀಲಿಯಾಕ್ ಕಾಯಿಲೆಯಿದೆ ಎಂದು ಹೇಳಬೇಕಾಯಿತು. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ಸಣ್ಣ ಕರುಳಿನ ಒಳಪದರವನ್ನು ದೇಹವೇ ಗಾಯಗೊಳಿಸಿಕೊಳ್ಳುವ ಕಾಯಿಲೆ ಅದು. ಹೊರಗೆ ಏನೂ ಕಾಣದು. ನಿಕೋಲ್ ತಾವಾಗಿ, ತಮಗೆ ಬೇಕಾದ ಹೊತ್ತಿನಲ್ಲಿ, ತಮ್ಮ ಮಾತಿನಲ್ಲಿ ಹೇಳಿಕೊಂಡರು. ಹರ್ನಾಜ್ ಹೇಳಿದ್ದು ಕಟಕಟೆಯಲ್ಲಿ ನಿಂತವರು ಹೇಳುವ ಹಾಗೆ. ಎರಡೂ ಬಹಿರಂಗವೇ, ಆದರೆ ಮೊದಲನೆಯದು ಸೇವೆ, ಎರಡನೆಯದು ನಾವು ಕಿತ್ತುಕೊಂಡದ್ದು.

ಈ ವ್ಯತ್ಯಾಸ ನನಗೆ ಅರ್ಥವಾದದ್ದು ನನ್ನದೇ ತಪ್ಪಿನಿಂದ. ನಾನು ನೋಡಿಕೊಳ್ಳುತ್ತಿದ್ದ ತಂಡದಲ್ಲಿ ಒಬ್ಬ ಸ್ವಯಂಸೇವಕಿ ಇದ್ದರು. ಬೆಳಿಗ್ಗೆ 8 ಗಂಟೆಯ ಕೆಲಸಕ್ಕೆ ಹಾಕಿದಾಗಲೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಮೂರು ಸಲ ಸಹಿಸಿಕೊಂಡು ನಾಲ್ಕನೆಯ ಸಲ ಎಲ್ಲರ ಎದುರು, “ಮನಸ್ಸಿಲ್ಲದಿದ್ದರೆ ಬಿಟ್ಟುಬಿಡಿ” ಎಂದೆ. ಅವರು ಮಾತಾಡದೆ ಎರಡು ಕೈಗಳನ್ನು ಮೇಜಿನ ಮೇಲಿಟ್ಟರು. ಬೆರಳ ಗೆಣ್ಣುಗಳು ಊದಿಕೊಂಡಿದ್ದವು. ರುಮಟಾಯ್ಡ್ ಸಂಧಿವಾತ. ಆ ಕಾಯಿಲೆಯಲ್ಲಿ ಬೆಳಗಿನ ಹೊತ್ತು ಕೀಲುಗಳು ಬಿಗಿದುಕೊಂಡು ಸಡಿಲವಾಗಲು ಒಂದು ಗಂಟೆಗೂ ಹೆಚ್ಚು ಬೇಕಾಗುತ್ತದೆ, ಎಂಟು ಗಂಟೆಗೆ ಹೊರಡಬೇಕೆಂದರೆ ಐದಕ್ಕೆ ಎದ್ದು ಕೂರಬೇಕು. ಹೇಳಿಕೊಳ್ಳಬಾರದೆಂದು ಅವರು ತೀರ್ಮಾನಿಸಿದ್ದನ್ನು ನಾನು ಹತ್ತು ಜನರ ಎದುರು ಹೇಳಿಸಿದೆ. ಅವರಿಗೆ ಕಿರೀಟವೂ ಇರಲಿಲ್ಲ, ಮೈಕೂ ಇರಲಿಲ್ಲ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೊದಲನೆಯದು ಸ್ವಲ್ಪ ಖಾರವಾಗಿತ್ತು: “ಕಾಯಿಲೆಯನ್ನು ತೋರಿಸಿ ಅನುಕಂಪ ಗಿಟ್ಟಿಸಿ ಗೆಲ್ಲುವುದಲ್ಲವೇ ಇದು?” ತೀರ್ಪುಗಾರರ ಮನಸ್ಸಿನಲ್ಲಿ ಏನಿರುತ್ತದೆಂದು ಹೇಳುವುದು ಕಷ್ಟ, ಅನುಕಂಪವೂ ಒಂದಿಷ್ಟು ಇದ್ದೀತು. ಆದರೆ ಅನುಕಂಪದಿಂದ ಬಂದ ಕಿರೀಟ ಒಂದು ವರ್ಷದ್ದು. ನಿಕೋಲ್ ಜಾನ್ಸನ್ ಆ ವರ್ಷ ಮುಗಿದ ಮೇಲೆ ಸಾರ್ವಜನಿಕ ಆರೋಗ್ಯದಲ್ಲಿ ಡಾಕ್ಟರೇಟ್ ಪಡೆದು ಮಧುಮೇಹದ ಕ್ಷೇತ್ರದಲ್ಲೇ ದುಡಿಯುತ್ತ ಬಂದರು. ಅನುಕಂಪಕ್ಕಾಗಿ ಅಷ್ಟು ವರ್ಷ ಓದುವವರನ್ನು ನಾನು ನೋಡಿಲ್ಲ.

ಎರಡನೆಯ ಪ್ರಶ್ನೆ ಕೇಳಿದವರು ಒಂದು ತಂಡದ ಮುಖ್ಯಸ್ಥರು. ನಾಳೆಯಿಂದಲೇ ಬದಲಿಸಬಹುದಾದದ್ದು ಏನಾದರೂ ಇದೆಯೇ ಎಂದರು. ನಾವು ಸ್ವಯಂಸೇವಕರಿಂದ ತುಂಬಿಸಿಕೊಳ್ಳುವ ಅರ್ಜಿಯಲ್ಲಿ ಮೊದಲು “ಯಾವುದಾದರೂ ಕಾಯಿಲೆ ಇದೆಯೇ?” ಎಂಬ ಕಲಮಿತ್ತು. ಬಹಳ ಮಂದಿ ‘ಇಲ್ಲ’ ಎಂದೇ ಬರೆಯುತ್ತಿದ್ದರು. ಅದನ್ನು ತೆಗೆದು, “ನಿಮಗೆ ಯಾವ ಹೊತ್ತು ಅನುಕೂಲ, ಕೆಲಸದ ನಡುವೆ ಏನು ಬೇಕಾಗಬಹುದು?” ಎಂದು ಹಾಕಿದೆವು. ಕಾರಣ ಕೇಳುವುದಿಲ್ಲ. ಈಗ ಆ ಜಾಗದಲ್ಲಿ ಬಗೆಬಗೆಯ ಉತ್ತರ ಬರುತ್ತವೆ: ಬೆನ್ನಿಗೆ ಆಸರೆಯಿರುವ ಕುರ್ಚಿ, ಶೌಚಾಲಯ ಹತ್ತಿರವಿರುವ ಜಾಗ, ಊಟ ಹೇಳಿದ ಹೊತ್ತಿಗೇ ಆಗಬೇಕು, ಹಿಂದಿನ ದಿನ ಫೋನ್ ಮಾಡಿ ಬರುವುದಿಲ್ಲ ಎನ್ನಬಹುದು, ಬೇಸರಿಸಬಾರದು. ಸಂಧಿವಾತದ ಆ ಸ್ವಯಂಸೇವಕಿ ಬರೆದದ್ದು ಎರಡೇ ಪದ: “ಮಧ್ಯಾಹ್ನದ ಮೇಲೆ.” ಅವರು ಈಗ ಹೊಸದಾಗಿ ಕಾಯಿಲೆ ಪತ್ತೆಯಾದವರ ಜೊತೆ ಫೋನಿನಲ್ಲಿ ಮಾತನಾಡುವ ಕೆಲಸ ನೋಡಿಕೊಳ್ಳುತ್ತಾರೆ, 3 ಗಂಟೆಯಿಂದ.